ಸಿಡಿಲಿಗೆ ಅಂಗಿ ಹೊಲಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿ ಇದ್ದದ್ದು ಮೂರು ಮಹಡಿಯ ಹಳೆ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಳಗೆ ನಿಂತರೆ ತಲೆ ತಾಗುತ್ತಿತ್ತು, ಕೂತರೆ ಎದುರಿನ ಬಸ್ ನಿಲ್ದಾಣ ಪೂರ್ತಿ ಕಾಣುತ್ತಿತ್ತು. ಎರಡು ಯಂತ್ರ, ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ನಾನು. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ ಎಷ್ಟೋ ಕಾಲವಾಗಿತ್ತು. ಬರುತ್ತಿದ್ದದ್ದೆಲ್ಲ ರಿಪೇರಿ ಕೆಲಸ: ಹಲ್ಲುದುರಿದ ಜಿಪ್ಪು, ನೆಲ ಗುಡಿಸುವ ಪ್ಯಾಂಟು, ಮದುವೆಗೆ ಹೊಲಿಸಿ ಈಗ ಗುಂಡಿ ಕೂಡದ ಕೋಟು. ಸೊಂಟ ಬಿಡಿಸಲು ಬಂದವರನ್ನು ಚಿಕ್ಕಮ್ಮ ಎಂದೂ ಪೇಚಿಗೆ ಸಿಕ್ಕಿಸುತ್ತಿರಲಿಲ್ಲ. "ಒಗೆದು ಒಗೆದು ಬಟ್ಟೆ ಕುಗ್ಗಿದೆ ಅಷ್ಟೆ" ಎಂದು ಹೇಳಿ, ಅವರು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದಳು.

ಅವಳದು ತುಂಬಿದ ಮೈ, ತುಂಬಿದ ದನಿ. ಅವಳು ನಕ್ಕರೆ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಕೊರೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ ಕಡ್ಡಿಯಂಥ ಮನುಷ್ಯ. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದೇ ಅವರ ಉದ್ಯೋಗ, ಅದೇ ಅವರ ಸ್ವಭಾವ. ಕೊರಳಲ್ಲಿ ಸದಾ ಒಂದು ಸೀಟಿ. ನಿವೃತ್ತಿಯಾದ ಮೇಲೂ ಅದನ್ನು ಬಿಚ್ಚಿಡಲಿಲ್ಲ. ಚಿಕ್ಕಮ್ಮ ಹೊರಡುವುದು ತಡವಾದರೆ ಮನೆಯ ಬಾಗಿಲಲ್ಲಿ ನಿಂತು ಊದುತ್ತಿದ್ದರು.

ಇಂಥ ಚಿಕ್ಕಮ್ಮನ ಬಲಮಣಿಕಟ್ಟಿಗೆ ಒಂದು ಸೂಜಿಮೆತ್ತೆ ಕಟ್ಟಿರುತ್ತಿತ್ತು. ಬಣ್ಣ ಹೋದ ಕೆಂಪು ರೇಷ್ಮೆ, ಅಲ್ಲಲ್ಲಿ ನಾಲ್ಕು ಚಮಕಿ. ಅದರ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಅವಳಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ದೇಶಕ್ಕೆ ದೇಶವೇ ಒಬ್ಬ ರಾಕ್ ಗಾಯಕನ ಹುಚ್ಚಿಗೆ ಬಿದ್ದಿತ್ತು. ಜನ ಅವನನ್ನು ಸಿಡಿಲು ಎಂದೇ ಕರೆಯುತ್ತಿದ್ದರು. ಅವನನ್ನು ನೋಡಿ ಹುಡುಗರೆಲ್ಲ ಕೂದಲು ಬಿಟ್ಟು ಕ್ಷೌರದವರು ಕೈಕಟ್ಟಿ ಕೂರುವ ಹಾಗಾಯಿತು. ಅವನು ಗಿಟಾರಿಗೆ ಬೆಂಕಿ ಹಚ್ಚುತ್ತಿದ್ದ, ಇಳಿದುಕೊಂಡ ಹೋಟೆಲಿನ ಕಿಟಕಿಯಿಂದ ಟಿವಿ ಎಸೆಯುತ್ತಿದ್ದ, ಸ್ನಾನದ ತೊಟ್ಟಿಯಲ್ಲಿ ಕೂತು ಸಂದರ್ಶನ ಕೊಡುತ್ತಿದ್ದ. ಪತ್ರಿಕೆಗಳು ಅವನನ್ನು ಮುಖಪುಟದಲ್ಲಿ ಬಯ್ಯುತ್ತಿದ್ದವು. ಹಿರಿಯರು ಆ ಬೈಗುಳವನ್ನು ಒಂದಕ್ಷರ ಬಿಡದೆ ಓದಿ ಪತ್ರಿಕೆ ಮಡಚಿಟ್ಟು, "ಕಾಲ ಕೆಟ್ಟುಹೋಯ್ತು" ಎನ್ನುತ್ತಿದ್ದರು. ಕಡೆಯ ಹಾಡಿಗೆ ಸಿಡಿಲು ತನ್ನ ಅಂಗಿಯನ್ನು ಒಂದೇ ಎಳೆತಕ್ಕೆ ಹರಿದು ಜನರ ಕಡೆ ಎಸೆಯುತ್ತಿದ್ದ. ಅವನು ಈ ಊರಿಗೆ ಬಂದಾಗ ಹಾಗೆ ಹಾರಿಬಂದ ಒಂದು ತೋಳು ಚಿಕ್ಕಮ್ಮನ ಕೈಗೆ ಸಿಕ್ಕಿತು. ಅದರ ಇನ್ನೊಂದು ತುದಿ ಬೇರೆ ಹುಡುಗಿಯ ಕೈಯಲ್ಲಿತ್ತು.

"ಅವಳ ಕೈ ಕಚ್ಚಿಬಿಟ್ಟೆ ಕಣೇ" ಎಂದು ಚಿಕ್ಕಮ್ಮ ಪ್ರತಿ ಸಲವೂ ಹೊಸದಾಗಿ ನಾಚಿಕೊಳ್ಳುತ್ತಿದ್ದಳು. "ಪಾಪ, ಒಳ್ಳೆ ಮನೆ ಹುಡುಗಿ. ನಾನೂ ಒಳ್ಳೆ ಮನೆ ಹುಡುಗೀನೇ. ಆದ್ರೆ ಆ ಹೊತ್ತಲ್ಲಿ ಮನೆ ಯಾರಿಗೆ ನೆನಪಿತ್ತು!"

ಮನೆಗೆ ಬಂದು ತೋಳನ್ನು ಒಳಮಗ್ಗುಲು ಮಾಡಿ ನೋಡಿದಾಗ ಅವಳು ಬಿದ್ದು ಬಿದ್ದು ನಕ್ಕಳಂತೆ. ಭುಜದ ಬಳಿ ಇದ್ದದ್ದು ಬರೀ ಕಚ್ಚಾ ಹೊಲಿಗೆ. ಅಳತೆ ನೋಡಲು ತಾತ್ಕಾಲಿಕವಾಗಿ ಹಾಕಿ, ಆಮೇಲೆ ಎಳೆದು ತೆಗೆಯುವ ಉದ್ದುದ್ದ ದಾರ. ಮಗುವೂ ಹರಿಯಬಹುದಾಗಿದ್ದ ಅಂಗಿ! ಆಗಷ್ಟೇ ಕೆಲಸ ಕಲಿಯುತ್ತಿದ್ದ ಅವಳಿಗೆ ಅವನ ಮೇಲಿನ ಅಭಿಮಾನ ಇದರಿಂದ ಕಮ್ಮಿಯಾಗಲಿಲ್ಲ. ಇಷ್ಟು ಚೆನ್ನಾಗಿ ಮೋಸ ಮಾಡುವವನ ಮೇಲೆ ಪ್ರೀತಿ ಇನ್ನೊಂದು ಗುಲಗಂಜಿ ಹೆಚ್ಚೇ ಆಯಿತು. ಆ ತೋಳನ್ನೇ ಕತ್ತರಿಸಿ ಸೂಜಿಮೆತ್ತೆ ಮಾಡಿಕೊಂಡಳು. ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ. "ನನ್ನ ಹೆಂಡತಿ ದಿನಾ ಬೇರೆಯವನ ತೋಳು ಕಟ್ಕೊಂಡು ಓಡಾಡ್ತಾಳೆ, ನಾನು ಏನೂ ಅನ್ನಲ್ಲ" ಎಂದು ಚಿಕ್ಕಪ್ಪ ನೆಂಟರ ಮುಂದೆ ಗಂಭೀರವಾಗಿ ಹೇಳುತ್ತಿದ್ದರು.

ಚಿಕ್ಕಪ್ಪ ನಿವೃತ್ತರಾದ ವರ್ಷವೇ ಸಿಡಿಲು ಮತ್ತೆ ನಮ್ಮೂರಿಗೆ ಬಂದ. ಎಷ್ಟೋ ವರ್ಷ ಹಾಡು ನಿಲ್ಲಿಸಿ ಮೂಲೆ ಸೇರಿದ್ದವನು ಹಳೆ ತಂಡವನ್ನು ಒಟ್ಟುಗೂಡಿಸಿ ಊರೂರು ತಿರುಗಲು ಹೊರಟಿದ್ದ. ಬಸ್ ನಿಲ್ದಾಣದ ಗೋಡೆಯ ತುಂಬ ಅವನ ಮುಖ ಅಂಟಿಸಿದರು. ಚಿಕ್ಕಮ್ಮ ಯಂತ್ರ ತುಳಿಯುತ್ತಲೇ ಅತ್ತ ನೋಡಿ ಹೇಳಿದಳು: "ಹಳೇ ಫೋಟೋ ಹಾಕಿದಾರೆ, ಕಳ್ಳರು."

ಕಾರ್ಯಕ್ರಮದ ಹಿಂದಿನ ದಿನ ಬೆಳಗ್ಗೆ ಎರಡು ಕೈಯಲ್ಲೂ ಫೋನು ಹಿಡಿದ ಒಬ್ಬ ಹೆಂಗಸು ಅಂಗಡಿಯೊಳಗೆ ನುಗ್ಗಿ ತಗ್ಗು ಚಾವಣಿಗೆ ತಲೆ ಚಚ್ಚಿಕೊಂಡಳು. ಅವಳು ತಂಡದ ಮ್ಯಾನೇಜರು. ಬಟ್ಟೆಯ ಪೆಟ್ಟಿಗೆಗಳೆಲ್ಲ ತಪ್ಪಿ ಬೇರೆ ಯಾವುದೋ ವಿಮಾನ ನಿಲ್ದಾಣಕ್ಕೆ ಹೋಗಿಬಿಟ್ಟಿದ್ದವು. ಅವನ್ನು ನೋಡಿಕೊಳ್ಳುವವನೂ ಅವುಗಳ ಹಿಂದೆಯೇ ಹೋಗಿದ್ದ. ಉಳಿದಿದ್ದ ಒಂದೇ ಒಂದು ಪ್ಯಾಂಟು ಬೆಳಗಿನ ಅಭ್ಯಾಸದಲ್ಲಿ ಕೈಕೊಟ್ಟಿತ್ತು.

"ಚರ್ಮದ ಪ್ಯಾಂಟು ರಿಪೇರಿ ಮಾಡ್ತೀರಾ?"

"ಎಲ್ಲಿ ಹರಿದಿದೆ?"

"ಹಿಂದೆ. ಮುಂದೆ. ಮಧ್ಯದಲ್ಲೂ."

"ಏನು ಮಾಡ್ತಿದ್ರು ಅವರು?"

"ಕುದುರೆ ಹತ್ತುತ್ತಿದ್ರು."

"ಯಾರಮ್ಮಾ ಅದು?"

ಮ್ಯಾನೇಜರು ಬಗ್ಗಿ ಚಿಕ್ಕಮ್ಮನ ಕಿವಿಯಲ್ಲಿ ಹೆಸರು ಹೇಳಿದಳು. ಯಂತ್ರದ ಚಕ್ರ ತಾನಾಗಿಯೇ ಎರಡು ಸುತ್ತು ತಿರುಗಿ ನಿಂತಿತು. ಚಿಕ್ಕಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಕತ್ತರಿಯನ್ನು ದಾರ ಕಟ್ಟಿ ನೇತುಹಾಕಿಕೊಂಡು, ಚಪ್ಪಲಿ ಮೆಟ್ಟುವುದನ್ನೇ ಮರೆತು ಬೀದಿಗಿಳಿದಳು. ನಾನು ಚಪ್ಪಲಿ ಹಿಡಿದು ಹಿಂದೆ ಓಡಿದೆ.

ಹೋಟೆಲಿನ ಮೇಲಿನ ಮಹಡಿ ಪೂರ್ತಿ ಅವನದು. ಒಂದು ಕೋಣೆಯ ಮಂಚದ ಮೇಲೆ ಮನುಷ್ಯರಿಗೆ ಜಾಗವಿಲ್ಲದಷ್ಟು ದಿಂಬು. ಇನ್ನೊಂದರಲ್ಲಿ ಮೇಜಿನುದ್ದಕ್ಕೂ ಕೇಕುಗಳು, ಒಂದೊಂದರಲ್ಲೂ ಒಂದೊಂದು ಕಚ್ಚು ಮಾತ್ರ ಖಾಲಿ. ಸ್ನಾನದ ಮನೆಯೊಳಗೆ ಪಿಯಾನೊ. "ಸ್ನಾನ ಮಾಡುವಾಗ್ಲೇ ಅವರಿಗೆ ರಾಗ ಹೊಳೆಯೋದು" ಎಂದಳು ಮ್ಯಾನೇಜರು. ಕುದುರೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿತ್ತು. ಅದಕ್ಕೆ ಸೆಕೆಯಾಗದಂತೆ ಎರಡು ಫ್ಯಾನು ಹಚ್ಚಿದ್ದರು.

ಸಿಡಿಲು ಕಿಟಕಿಯ ಬಳಿ ಟವೆಲು ಸುತ್ತಿಕೊಂಡು ನಿಂತಿದ್ದ. ಅರವತ್ತು ದಾಟಿದ ಮುಖ, ಕಾಡಿಗೆ ಹಚ್ಚಿದ ಕಣ್ಣು, ಭುಜದ ತುಂಬ ಕೂದಲು. ಚಿಕ್ಕಮ್ಮ ಒಂದು ಕ್ಷಣ ಹತ್ತೊಂಬತ್ತರ ಹುಡುಗಿಯಾಗಿ ಬಾಗಿಲಲ್ಲೇ ನಿಂತಳು. ಮರುಕ್ಷಣ ಟೇಪು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದಳು. ಅವನು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡ.

"ಉಸಿರು ಬಿಡಿ" ಎಂದಳು ಚಿಕ್ಕಮ್ಮ.

"ಬಿಟ್ಟೇ ಇದೀನಿ."

"ಹಾಗಾದ್ರೆ ಎರಡು ಮಾತಾಡಿ ನೋಡೋಣ."

ಅವನು ಬಾಯಿ ತೆರೆದ. ಟೇಪು ಅವಳ ಬೆರಳ ಸಂದಿಯಿಂದ ಸರ್ರನೆ ಜಾರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವನು ಅವನೇ.

"ಬಟ್ಟೆ ಕುಗ್ಗಿದೆ, ಅಲ್ವಾ ಟೈಲರಮ್ಮ?"

"ಇಲ್ಲ, ನೀವು ಚೆನ್ನಾಗಿ ಉಂಡಿದೀರ. ಕುದುರೆ ಹತ್ತೋಕೆ ಸರಿಯಾಗಿ ನಾನು ಮಾಡಿಕೊಡ್ತೀನಿ, ಬಿಡಿ."

ಆಗ ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕೈಹಿಡಿದು ಹತ್ತಿರಕ್ಕೆ ತಂದು ನೋಡಿದ. "ಈ ಚಮಕಿ ನನ್ನ ಅಮ್ಮ ಹಾಕ್ತಿದ್ದದ್ದು" ಎಂದ. ಮೊದಲ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು ಅವನ ತಾಯಿಯಂತೆ. ಮಗ ಹೊಸ ಅಂಗಿಯನ್ನು ಹರಿದು ಎಸೆಯುವುದನ್ನು ನೋಡಲಾಗದೆ ಕಡೆಯ ಹಾಡಿಗೆ ಮುಂಚೆಯೇ ಎದ್ದು ಮನೆಗೆ ಹೋಗುತ್ತಿದ್ದಳಂತೆ. ಹೇಳಿ ಅವನು ಮತ್ತೆ ನಕ್ಕ. ಚಿಕ್ಕಮ್ಮ ಸೂಜಿಮೆತ್ತೆ ಬಿಚ್ಚಿ ಕೊಡಲು ಹೋದಾಗ ಬೇಡವೆಂದು ಅವಳ ಕೈಯನ್ನು ಮಡಚಿ ಅವಳಿಗೇ ಕೊಟ್ಟ.

ಅಷ್ಟರಲ್ಲಿ ಕೆಳಗಿನ ಬೀದಿಯಿಂದ "ಟಿವಿ! ಟಿವಿ!" ಎಂದು ಕೂಗು ಎದ್ದಿತು. ಅಭಿಮಾನಿಗಳು ಬೆಳಗಿನಿಂದ ಅದಕ್ಕೇ ಕಾದು ನಿಂತಿದ್ದರು. ಹೋಟೆಲಿನವರೂ ತಯಾರಾಗಿಯೇ ಇದ್ದರು. ಕೆಟ್ಟುಹೋದ ಹಳೆಯ ಡಬ್ಬ ಟಿವಿಯೊಂದನ್ನು ತಳ್ಳುಗಾಡಿಯ ಮೇಲಿಟ್ಟು ತಂದರು, ಕೆಳಗೆ ಹಗ್ಗ ಕಟ್ಟಿ ಜನರನ್ನು ದೂರ ಸರಿಸಿದ್ದರು. ಸಿಡಿಲು ಬಗ್ಗಿ ಅದನ್ನು ಎತ್ತಲು ಹೋಗಿ, "ಅಯ್ಯೋ ಸೊಂಟ!" ಎಂದು ಅಲ್ಲೇ ನಿಂತ.

"ತಡೀರಿ" ಎಂದಳು ಚಿಕ್ಕಮ್ಮ. ನನ್ನ ಕೈಗೆ ಟೇಪು ಕೊಟ್ಟು, ಟಿವಿಯ ಒಂದು ಕಡೆ ತಾನು ಹಿಡಿದು, ಇನ್ನೊಂದು ಕಡೆ ಮ್ಯಾನೇಜರ ಕೈಯಲ್ಲಿ ಹಿಡಿಸಿದಳು. ಇಬ್ಬರೂ ಸೇರಿ ಅದನ್ನು ಕಿಟಕಿಯ ಅಂಚಿನ ಮೇಲಿಟ್ಟರು. ಬೀದಿಗೆ ಕಾಣುವಂತೆ ಸಿಡಿಲು ಒಬ್ಬನೇ ನಡುವೆ ನಿಂತು ತೋಳು ಚಾಚಿದ. ಹಿಂದಿನಿಂದ ಚಿಕ್ಕಮ್ಮ ನೂಕಿದಳು. ಡಬ್ಬ ಬಿದ್ದ ಸದ್ದಿಗಿಂತ ಜನರ ಕೇಕೆ ದೊಡ್ಡದಾಗಿತ್ತು. ಚಿಕ್ಕಮ್ಮ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದಳು. "ಇನ್ನೊಂದು ಇದೆಯಾ?" ಎಂದು ಹೋಟೆಲಿನವನನ್ನು ಕೇಳಿದಳು.

ಮಧ್ಯಾಹ್ನ ಅಂಗಡಿಗೆ ಬಂದವಳೇ ಕೆಲಸಕ್ಕೆ ಕೂತಳು. ಪ್ಯಾಂಟಿನ ಚರ್ಮದ ನಡುವೆ ಎಳೆದರೆ ಹಿಗ್ಗುವ ಕಪ್ಪು ಬಟ್ಟೆಯ ಪಟ್ಟಿ ಸೇರಿಸಿದಳು. ದೂರಕ್ಕೆ ಅದೂ ಚರ್ಮವೇ. ಆಮೇಲೆ ಕಡೆಯ ಹಾಡಿಗೆ ಹರಿಯಲು ಹೊಸ ಅಂಗಿ. ಕೆಂಪು ರೇಷ್ಮೆ, ಎದೆಯ ತುಂಬ ಚಮಕಿ. ಭುಜದಲ್ಲಿ ಕಚ್ಚಾ ಹೊಲಿಗೆ ಇರಬೇಕು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು ಎಂದು ಮ್ಯಾನೇಜರು ಮೂರು ಸಲ ಫೋನು ಮಾಡಿ ಹೇಳಿದ್ದಳು. ಚಿಕ್ಕಮ್ಮನಿಗೆ ಅದೇನು ಹೊಸ ವಿಷಯವೇ? ಯಂತ್ರದಲ್ಲೇ ಉದ್ದುದ್ದ ಹೊಲಿಗೆ ಹಾಕಿದಳು. ನನಗೂ ತೋರಿಸಿದಳು. ಆದರೆ ಬದುಕಿಡೀ ಹೊಲಿಗೆ ಬಿಟ್ಟುಕೊಳ್ಳಬಾರದೆಂದೇ ದುಡಿದ ಕೈ ಅದು. ಎರಡೂ ತುದಿಗೆ ಬಂದಾಗ ಯಂತ್ರವನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಿಸಿ ಹೊಲಿಗೆಯನ್ನು ಬಿಗಿ ಮಾಡಿಬಿಟ್ಟಿತು. ಅವಳಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ.

ಮರುದಿನ ಸಂಜೆ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ನಾವು ಮೂವರೂ ವೇದಿಕೆಯ ಪಕ್ಕದಲ್ಲಿ, ಪರದೆಯ ಮರೆಯಲ್ಲಿ ನಿಂತಿದ್ದೆವು. ಚಿಕ್ಕಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಗಡಿಯಾರ ನೋಡುತ್ತಿದ್ದರು. "ಶುರುವಾಗೋ ಹೊತ್ತು ಯಾವಾಗ್ಲೋ ಮೀರಿದೆ. ನಮ್ಮ ಡಿಪೋದಲ್ಲಾಗಿದ್ರೆ ಡ್ರೈವರು ಮನೆಗೆ ಹೋಗ್ತಿದ್ದ" ಎಂದರು. ಅಷ್ಟರಲ್ಲಿ ದೀಪ ಆರಿತು, ಡ್ರಮ್ಮು ಗುಡುಗಿತು, ಬಿಳಿ ಕುದುರೆಯ ಮೇಲೆ ಸಿಡಿಲು ಬಂದ. ಪ್ಯಾಂಟು ಹಿಗ್ಗಿತು, ಹರಿಯಲಿಲ್ಲ. ಚಿಕ್ಕಮ್ಮ ನನ್ನ ತೋಳನ್ನು ಗಿಲ್ಲಿ ನೀಲಿ ಮಾಡಿದಳು. ನನ್ನ ವಯಸ್ಸಿನವರು, ಅವಳ ವಯಸ್ಸಿನವರು, ಅಪ್ಪಂದಿರ ಹೆಗಲ ಮೇಲಿನ ಮಕ್ಕಳು, ಎಲ್ಲರೂ ಒಂದೇ ಬಾಯಿಂದ ಹಾಡುತ್ತಿದ್ದರು. ಅವನ ದನಿ ಅಲ್ಲಲ್ಲಿ ಒಡೆದಿತ್ತು. ಒಡೆದಲ್ಲೆಲ್ಲ ಜನ ಹಾಡಿ ತುಂಬಿದರು.

ಕಡೆಯ ಹಾಡು ಬಂತು. ಸಿಡಿಲು ವೇದಿಕೆಯ ತುದಿಗೆ ಓಡಿಬಂದು ಎರಡು ಕೈಯಲ್ಲೂ ಅಂಗಿಯ ಕೊರಳು ಹಿಡಿದು ಎಳೆದ.

ಅಂಗಿ ಜಪ್ಪಯ್ಯ ಅನ್ನಲಿಲ್ಲ.

ಮತ್ತೆ ಎಳೆದ. ಚಮಕಿ ನಾಲ್ಕು ಉದುರಿತು, ಅಷ್ಟೆ. ಚಿಕ್ಕಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಯ್ಯೋ, ತುದಿ ಬಿಗಿ ಮಾಡ್ಬಿಟ್ಟಿದೀನಿ ಕಣೇ" ಎಂದು ನನ್ನ ಕಿವಿಯಲ್ಲಿ ಅರಚಿದಳು. ತಂಡದವರು ಅದೇ ಸ್ವರವನ್ನು ಸುತ್ತಿ ಸುತ್ತಿ ಬಾರಿಸುತ್ತಿದ್ದರು. ಜನರೂ ಲಯ ಹಿಡಿದು "ಹರಿ! ಹರಿ!" ಎಂದು ಕೂಗಲು ಶುರುಮಾಡಿದರು. ಅವನು ಕಾಲೂರಿ, ಹಲ್ಲು ಕಚ್ಚಿ, ಮೂರನೇ ಸಲ ಎಳೆದು ಕೈಸೋತ. ಆಮೇಲೆ ಮೈಕು ಎತ್ತಿಕೊಂಡ.

"ಟೈಲರಮ್ಮಾ! ಎಲ್ಲಿದೀರ? ಇದೇನು ಹೊಲಿದಿದೀರ, ಅಂಗಿನಾ ಇಲ್ಲ ಹಡಗಿನ ಹಾಯಿನಾ?"

ಇಡೀ ಕ್ರೀಡಾಂಗಣ ಹೋ ಎಂದು ನಕ್ಕಿತು. ಚಿಕ್ಕಮ್ಮ ಹಿಂದಕ್ಕೆ ಸರಿಯಲು ನೋಡಿದಳು. ಅವಳ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿದವರು ಬೇರೆ ಯಾರೂ ಅಲ್ಲ, ಚಿಕ್ಕಪ್ಪ. "ಹೋಗು, ತಡ ಆಗ್ತಿದೆ" ಎಂದರು.

ಅವಳು ಬೆಳಕಿನೊಳಕ್ಕೆ ನಡೆದಳು. ಕೊರಳಲ್ಲಿ ಟೇಪು, ಸೊಂಟದ ಬಳಿ ತೂಗಾಡುವ ಕತ್ತರಿ, ಮುಖದ ತುಂಬ ಬೆವರು. ಸಿಡಿಲು ಅವಳ ಮುಂದೆ ತೋಳು ಚಾಚಿ ನಿಂತ. ಅವಳು ಕನ್ನಡಕ ಮೂಗಿಗೇರಿಸಿ, ಮನೆಯಲ್ಲಿ ಕೂತಂತೆ ನಿಧಾನವಾಗಿ ಹೊಲಿಗೆಯ ತುದಿ ಹುಡುಕಿ, ಕಚಕ್ಕೆಂದು ಕತ್ತರಿಸಿದಳು. ಆ ಕಚಕ್ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಇನ್ನೊಂದು ಭುಜ, ಇನ್ನೊಂದು ಕಚಕ್. ಅವನು ಒಂದೇ ಬೆರಳಲ್ಲಿ ಎಳೆದ. ಅಂಗಿ ಬಿಚ್ಚಿಕೊಂಡು ಹಾರಿತು. ಅಂಥ ಕಿವಿಗಡಚಿಕ್ಕುವ ಕೂಗನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನು ಒಂದು ತೋಳನ್ನು ಚಿಕ್ಕಮ್ಮನ ಕೈಗಿತ್ತ. ಅವಳು ಕೈಯನ್ನು ಹಿಂದಕ್ಕೆ ಬೀಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಜನರ ಕಡೆ ಎಸೆದಳು. ಅದು ಬಿದ್ದ ಕಡೆ ಯಾರು ಯಾರ ಕೈ ಕಚ್ಚಿದರೋ ಗೊತ್ತಿಲ್ಲ.

ಮರಳಿ ಬಂದವಳು ಒಂದು ಪೆಟ್ಟಿಗೆಯ ಮೇಲೆ ಕೂತು ಬೆವರು ಒರೆಸಿಕೊಂಡಳು. ಆಮೇಲೆ ಹೇಳಿದಳು: "ಮುಖ ಒಂದೂ ಕಾಣಲ್ಲ ಕಣೇ ಅಲ್ಲಿಂದ. ಬರೀ ಬೆಳಕು. ಆ ಕೂಗು ಕಿವಿಗೆ ಬರಲ್ಲ, ನೇರ ಹೊಟ್ಟೆಗೇ ಬಂದು ತಾಗುತ್ತೆ. ಇನ್ನೊಂದು ಸಲ ಬೇಕು ಅನಿಸುತ್ತೆ. ಒಂದು ಚೂರು ನೆಕ್ಕಿದ ನನಗೇ ಹೀಗಾದ್ರೆ, ಬದುಕಿಡೀ ಅದನ್ನೇ ಉಂಡವನ ಗತಿ ಏನು? ಅವನು ಟಿವಿ ಎಸೆಯೋದು, ಕುದುರೆ ಹತ್ತೋದು, ಇಷ್ಟಕ್ಕೇ ನಿಲ್ಲಿಸಿರೋದು ದೊಡ್ಡದು."

ಆ ಹರಿಯದ ಅಂಗಿಯೇ ಆಟದ ಭಾಗವಾಗಿಹೋಯಿತು. ಬಟ್ಟೆಯ ಪೆಟ್ಟಿಗೆಗಳು ಮರಳಿ ಬಂದರೂ ಸಿಡಿಲಿಗೆ ಟೈಲರಮ್ಮನೇ ಬೇಕು, ಕತ್ತರಿಯೇ ಬೇಕು. ತಂಡದ ಜತೆ ಬರುತ್ತೀರಾ ಎಂದು ಕೇಳಲು ಮ್ಯಾನೇಜರು ಮನೆಗೇ ಬಂದಳು. ಚಿಕ್ಕಮ್ಮ ಗಂಡನ ಮುಖ ನೋಡಿದಳು. ಮನೆಯಲ್ಲಿ ಕೂತು ಎದುರಿನ ಗೋಡೆ ನೋಡಿ ಸಾಕಾಗಿದ್ದ ಚಿಕ್ಕಪ್ಪ, "ಎಷ್ಟು ಗಂಟೆಗೆ ಹೊರಡೋದು?" ಎಂದು ಮಾತ್ರ ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ತಂಡದಲ್ಲಿ ಒಬ್ಬರೂ ಇರಲಿಲ್ಲ. ಆದ್ದರಿಂದ ಎರಡನೇ ಊರು ಮುಟ್ಟುವ ಹೊತ್ತಿಗೆ ಆ ಕೆಲಸ ಚಿಕ್ಕಪ್ಪನದೇ ಆಯಿತು. ಬೆಳಗ್ಗೆ ಹೋಟೆಲಿನ ಓಣಿಯಲ್ಲಿ ನಿಂತು ಸೀಟಿ ಊದುತ್ತಿದ್ದರು. ಮಧ್ಯಾಹ್ನದವರೆಗೆ ಹಾಸಿಗೆ ಬಿಡದ ಡ್ರಮ್ಮಿನವನು ಬೂಟು ಕೈಯಲ್ಲಿ ಹಿಡಿದು ಬಸ್ಸಿಗೆ ಓಡಿಬರುತ್ತಿದ್ದ. ತಂಡದ ಚರಿತ್ರೆಯಲ್ಲೇ ಮೊದಲ ಸಲ ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾದಾಗ ಅರ್ಧ ಜನ ಇನ್ನೂ ಬಂದಿರಲೇ ಇಲ್ಲ. ಮ್ಯಾನೇಜರು ಚಿಕ್ಕಪ್ಪನ ಕೈಹಿಡಿದು, "ಸ್ವಲ್ಪ ತಡ ಮಾಡಿ, ನಿಮ್ಮ ದಮ್ಮಯ್ಯ" ಎಂದು ಬೇಡಿಕೊಂಡಳಂತೆ.

ಚಿಕ್ಕಮ್ಮ ಹತ್ತಿರದಿಂದ ಎಲ್ಲವನ್ನೂ ಕಂಡಳು. ಹಾಡು ಮುಗಿದ ಮೇಲೆ ಸಿಡಿಲು ಮಂಡಿಗೆ ಐಸು ಕಟ್ಟಿಕೊಂಡು ಕೂರುತ್ತಿದ್ದ. ಕೂಗು ಮೈಯಿಂದ ಇಳಿಯದೆ ಚಡಪಡಿಸುತ್ತಿದ್ದ. ಅದನ್ನು ತರಿಸು, ಇದನ್ನು ತರಿಸು, ಗೋಡೆಗೆ ಬೇರೆ ಬಣ್ಣ ಬಳಿಸು ಎಂದು ಕೂಗಾಡುತ್ತಿದ್ದ. ಅಂಥ ಒಂದು ದಿನ ಅವಳು ಅವನ ಕೈಗೆ ಸೂಜಿ ದಾರ ಕೊಟ್ಟು, "ಇವತ್ತು ಉದುರಿದ ಚಮಕಿ ನೀವೇ ಹಾಕಿ ನೋಡೋಣ" ಎಂದಳು. ಗಿಟಾರಿನ ಬೆರಳುಗಳಿಗೆ ಸೂಜಿ ಬೇಗ ಒಲಿಯಿತು. ಕನ್ನಡಕ ಹಾಕಿ, ನಾಲಿಗೆ ತುದಿ ಹೊರಗೆ ಚಾಚಿ, ಒಂದೊಂದೇ ಚಮಕಿ ಕೂರಿಸುತ್ತ ಅವನು ಕುರ್ಚಿಯಲ್ಲೇ ನಿದ್ದೆಹೋದನಂತೆ. ಅಲ್ಲಿಂದಾಚೆಗೆ ಅದೇ ರೂಢಿಯಾಯಿತು.

ಹಾಗೆಂದು ಅವನು ಸಾಧುವಾಗಿಬಿಟ್ಟ ಎಂದುಕೊಂಡರೆ ತಪ್ಪು. ಮುಂದಿನ ತಿರುಗಾಟಕ್ಕೆ ಕುದುರೆ ಸಾಲದು, ವೇದಿಕೆಯ ಮೇಲೆ ದೋಣಿ ತೇಲಬೇಕು ಎಂದ. ಎಲ್ಲರೂ ತಲೆಮೇಲೆ ಕೈಹೊತ್ತರು. ರಜೆಗೆ ಮನೆಗೆ ಬಂದಿದ್ದ ಚಿಕ್ಕಮ್ಮನನ್ನು ನಾನು ಕೇಳಿದೆ, "ನೀನಾದ್ರೂ ಬೇಡ ಅನ್ನಬಾರದಿತ್ತಾ?"

ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಎದುರಿನ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದವರತ್ತ ಗಲ್ಲ ಎತ್ತಿ ತೋರಿಸಿದಳು. "ಬಸ್ಸಿಗೆ ಕಾಯೋರು ನಾವೆಲ್ಲ ಇದೀವಲ್ಲೇ. ನಮ್ಮಲ್ಲಿ ಒಬ್ಬನಾದ್ರೂ ದೋಣೀಲಿ ಬರಲಿ ಬಿಡು. ನೋಡೋಕೆ ನಮಗೂ ಚೆಂದ."

ಈಗ ಅವರಿಬ್ಬರೂ ಮತ್ತೆ ಹೋಗಿ ಕೆಲವು ವಾರಗಳಾದವು. ಅಂಗಡಿಯಲ್ಲಿ ನಾನೊಬ್ಬಳೇ. ಶಾಲೆ ತೆರೆಯುವ ದಿನಗಳು, ಸಮವಸ್ತ್ರದ ರಾಶಿ ಮೊಣಕಾಲ ಮಟ್ಟಕ್ಕಿದೆ. ಮೊನ್ನೆ ಚಿಕ್ಕಮ್ಮನ ಫೋನು ಬಂತು. ಹಿಂದೆ ಸಾವಿರಾರು ಜನರ ಕೂಗು. ಏನೂ ಕೇಳಿಸುತ್ತಿರಲಿಲ್ಲ.

"ಚಿಕ್ಕಪ್ಪ ಹೇಗಿದಾರೆ?" ಎಂದು ಕಿರುಚಿದೆ.

"ದೋಣಿ ಮೇಲಿದಾರೆ!"

"ಎಲ್ಲಿ?"

"ದೋಣಿ ಮೇಲೆ! ಹುಟ್ಟು ಹಾಕೋನಿಗೆ ಜ್ವರ, ಅದಕ್ಕೆ ಇವರೇ ಹತ್ತಿದಾರೆ. ಬಂಗಾರದ ಬಣ್ಣದ ಕೋಟು ಹೊಲಿದುಕೊಟ್ಟೆ. ಆಟ ಮುಗಿದ ಮೇಲೆ ಬಿಚ್ಚಿ ಅಂದ್ರೆ ಬಿಚ್ಚಲ್ಲ ಅಂತಾರೆ ಕಣೇ, ಅದ್ರಲ್ಲೇ ತಿಂಡಿಗೆ ಬರ್ತಾರೆ. ಇಡ್ತೀನಿ, ಇಡ್ತೀನಿ, ನನ್ನ ಕರೀತಿದಾರೆ."